ಗೋಡೆಗೆ ತೂಗುಹಾಕಿದ ಸನಿಕೆ

ಮಹಾನವಮಿ ಬಂತೆಂದರೆ ನಮ್ಮ ತಂದೆಯವರಿಗೆ ಎಲ್ಲಿಲ್ಲದ ಸಂಭ್ರಮ. ಅವರು ಮೈಸೂರಿನ ಹೈಸ್ಕೂಲೊಂದರಲ್ಲಿ ಮೇಷ್ಟರಾಗಿದ್ದವರು. ಸರಸ್ವತೀ ಪೂಜೆಯ ದಿನ ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸಿ, ಕೈಮುಗಿದು, ಅಷ್ಟಕ್ಕೇ ಮುಗಿಸಿಬಿಡುತ್ತಿದ್ದ ಅವರು, ಆಯುಧಪೂಜೆಯ ದಿನ ಮಾತ್ರ ಬೆಳಗಿನ ಜಾವಕ್ಕೇ ಎದ್ದು ಹಿತ್ತಲಿನ ಕೊಟ್ಟಿಗೆಯ ಬಾಗಿಲು ತೆರೆಯುತ್ತಿದ್ದರು. ಒಂದು ಕಾಲಕ್ಕೆ ಹಸು ಕಟ್ಟುತ್ತಿದ್ದ ಆ ಕೊಟ್ಟಿಗೆ, ಹಸು ಹೋದ ಮೇಲೆ ತೋಟದ ಸಾಮಾನಿನ ಮನೆಯಾಗಿತ್ತು. ಸನಿಕೆ, ಹಾರೆ, ಪಿಕಾಸಿ, ವಾರೆಗುದ್ದಲಿ, ಕುಡುಗೋಲು, ಮಚ್ಚು, ಬೇಲಿ ಸವರುವ ದೊಡ್ಡ ಕತ್ತರಿ, ಮಣ್ಣು ಹೊರುವ ಬಾಂಡ್ಲಿ, ಗಿಡಕ್ಕೆ ನೀರು ಹನಿಸುವ ರೋಸ್ ಕ್ಯಾನು, ಬಾವಿಯ ಗಡಗಡೆ, ಇವು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಬಾವಿಕಟ್ಟೆಯ ಮೇಲೆ ಅವನ್ನು ತೊಳೆದು, ಕುಂಕುಮವಿಟ್ಟು, ಪ್ರತಿಯೊಂದರ ತಲೆಯ ಮೇಲೂ ಚೆಂಡುಹೂವೊಂದನ್ನು ಏರಿಸುವ ಅಧಿಕಾರ ಮಾತ್ರ ತಂದೆಯವರದಲ್ಲ. ಅದು ಮಾಲಿ ತಾತನದು.

ವಾರಕ್ಕೆ ಮೂರು ದಿನ ನಮ್ಮ ತೋಟದ ಕೆಲಸಕ್ಕೆ ಬರುತ್ತಿದ್ದ ಆ ಮುದುಕನನ್ನು ಮಕ್ಕಳಾದ ನಾವು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ. ತಂದೆಯವರಿಗೆ ಶಾಲೆಯಲ್ಲಿ ಹೆಡ್‌ಮಾಸ್ಟರರು ಹೇಗೋ ತೋಟದಲ್ಲಿ ಅವನು ಹಾಗೆ. “ಏನು ಮೇಷ್ಟ್ರೆ, ಗುಲಾಬಿ ಬುಡಕ್ಕೆ ಇಷ್ಟು ನೀರು ಹಾಕಿದ್ದೀರಲ್ಲ, ಅದೇನು ಎಮ್ಮೆಯೇ?” ಎಂದು ಅವನು ಗದರಿಸಿದರೆ ತಂದೆಯವರು ತಪ್ಪು ಮಾಡಿದ ಹುಡುಗನಂತೆ ನಕ್ಕು ಸುಮ್ಮನಾಗುತ್ತಿದ್ದರು. ಅವನ ಸನಿಕೆಯನ್ನು ಮತ್ತೊಬ್ಬರು ಮುಟ್ಟುವಂತಿರಲಿಲ್ಲ. ಮನೆಗೆ ಎರಡು ಸನಿಕೆಗಳಿದ್ದದ್ದೇ ಈ ಕಾರಣದಿಂದ: ಒಂದು ತಾತನದು, ಇನ್ನೊಂದು ಉಳಿದ ಲೋಕದ್ದು.

ಈಗ ಇಬ್ಬರೂ ಇಲ್ಲ. ಮಾಲಿ ತಾತ ಮೊದಲು ಹೋದ. ಅವನ ಹಿಂದೆ ನಾಲ್ಕು ವರ್ಷಕ್ಕೆ ತಂದೆಯವರು. ತೋಟವೂ ಅರ್ಧಕ್ಕೆ ಇಳಿದಿದೆ. ಬಾವಿ ಬತ್ತಿ, ಅದರ ಬಾಯಿಗೆ ಚಪ್ಪಡಿ ಎಳೆದಾಗಿದೆ. ಹೋದ ವರ್ಷ ಅಣ್ಣ ಒಂದು ಮಾತು ತೆಗೆದ. “ಕೊಟ್ಟಿಗೆ ಕೆಡವಿಸಿ ಕಾರಿಗೆ ಒಂದು ನೆರಳು ಮಾಡೋಣ. ಒಳಗಿರುವ ತುಕ್ಕು ಕಬ್ಬಿಣವನ್ನೆಲ್ಲ ಗುಜರಿಗೆ ಹಾಕಿಬಿಡೋಣ.” ಅವನ ಮಾತಿನಲ್ಲಿ ಅನ್ಯಾಯವೇನೂ ಇರಲಿಲ್ಲ. ಹತ್ತು ವರ್ಷಗಳಿಂದ ಬಾಗಿಲು ತೆರೆಯದ ಕೊಟ್ಟಿಗೆಗಾಗಿ ಬಿಸಿಲಿನಲ್ಲಿ ಕಾರು ನಿಲ್ಲಿಸುವುದು ಯಾವ ಭಾವುಕತೆಗೂ ಶೋಭೆಯಲ್ಲ. ಗುಜರಿಯವನು ಬಂದ. ತಕ್ಕಡಿಯ ಕೊಕ್ಕೆಗೆ ಮೊದಲು ಹಾರೆಯನ್ನು ತೂಗಿದ. ಆಮೇಲೆ ಕಾವಿನಿಂದ ಕಳಚಬೇಕೆಂದು ಸನಿಕೆಯನ್ನು ಕಲ್ಲಿಗೆ ಬಡಿಯಲು ಎತ್ತಿದ. ಕಬ್ಬಿಣಕ್ಕೆ ಬೆಲೆಯುಂಟು, ಮರಕ್ಕಿಲ್ಲ. ಆದುದರಿಂದ ಕಾವು ಅವನಿಗೆ ಕಸ. ಆ ಕಾವನ್ನು ನಾನು ನೋಡಿದೆ. ಜಾಲಿಯ ಮರದ್ದು, ಮೂವತ್ತು ವರ್ಷ ಒಬ್ಬನೇ ಮನುಷ್ಯನ ಅಂಗೈ ಉಜ್ಜಿ ಉಜ್ಜಿ ಅದರ ನಡುಭಾಗ ದಂತದಂತೆ ನುಣುಪಾಗಿತ್ತು. “ಒಂದು ತಿಂಗಳು ಬಿಡಣ್ಣ” ಎಂದೆ. ಅಣ್ಣ ನನ್ನ ಮುಖ ನೋಡಿ, ಗುಜರಿಯವನಿಗೆ ಹಾರೆಯ ದುಡ್ಡು ಹಿಂದಕ್ಕೆ ಕೊಟ್ಟು ಕಳಿಸಿದ.

ಹೀಗೆ ಆರಂಭವಾಯಿತು ನನ್ನ ಒಂದು ತಿಂಗಳ ಉದ್ಯೋಗ. ಅದು ಮೂರು ತಿಂಗಳಾದದ್ದು ಬೇರೆ ವಿಷಯ. ಮುರಿದದ್ದನ್ನೂ ಸವೆದದ್ದನ್ನೂ ಮತ್ತೊಂದು ಪ್ರಯೋಜನಕ್ಕೆ ತಿರುಗಿಸುವುದು ಈಗ ಒಂದು ಕಲೆಯೆನಿಸಿಕೊಂಡು, ಅದಕ್ಕೆ ಹೊಸ ಹೊಸ ಹೆಸರುಗಳೂ ಬಂದಿವೆ. ನಮ್ಮ ಅಜ್ಜಿಯರು ಹಳೆಯ ಸೀರೆಯಿಂದ ಕೌದಿ ಹೊಲಿಯುವಾಗ ಅದಕ್ಕೆ ಹೆಸರಿನ ಅಗತ್ಯ ಕಂಡಿರಲಿಲ್ಲ. ಇರಲಿ. ಮಾಡಹೋದಾಗ ನನಗೆ ತಿಳಿದುಬಂದ ಕೆಲವು ಸಂಗತಿಗಳು ಓದುಗರಿಗೂ ಉಪಯೋಗವಾದಾವು ಎಂದು ಹೇಳುತ್ತೇನೆ.

ಮೊದಲನೆಯ ಶತ್ರು ತುಕ್ಕು. ಕಬ್ಬಿಣವು ನೀರಿನೊಂದಿಗೂ ಗಾಳಿಯ ಆಮ್ಲಜನಕದೊಂದಿಗೂ ಕೂಡಿ ಆಗುವ ವಸ್ತು ಅದು. ತಾಮ್ರದ ಕಿಲುಬು ತಾಮ್ರಕ್ಕೆ ಹೊದಿಕೆಯಾಗಿ ಅಂಟಿಕೊಳ್ಳುತ್ತದೆ. ತುಕ್ಕು ಹಾಗಲ್ಲ, ಹಪ್ಪಳದಂತೆ ಎದ್ದು ಉದುರಿ ಒಳಗಿನ ಹೊಸ ಕಬ್ಬಿಣವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಇದಕ್ಕೆ ಅಡುಗೆಮನೆಯಲ್ಲಿಯೇ ಮದ್ದಿದೆ. ಹಳೆಯ ಹುಣಸೆಹಣ್ಣನ್ನು ಕಿವುಚಿದ ನೀರಿನಲ್ಲಿ ಒಂದು ರಾತ್ರಿ ನೆನೆಹಾಕಿದರೆ ಹುಳಿಯಲ್ಲಿರುವ ಆಮ್ಲ ತುಕ್ಕನ್ನು ಸಡಿಲಿಸುತ್ತದೆ. ಬೆಳಿಗ್ಗೆ ತೆಂಗಿನ ನಾರಿನಿಂದ ತಿಕ್ಕಿ, ಉಳಿದ ಹುಳಿಯನ್ನು ಕಳೆಯಲು ಅಡುಗೆ ಸೋಡದ ನೀರಿನಲ್ಲಿ ಅದ್ದಿ, ಕೂಡಲೇ ಒರೆಸಿ ಒಣಗಿಸಬೇಕು. ಆಮೇಲೆ ಎಣ್ಣೆ. ಎಲ್ಲ ಎಣ್ಣೆಯೂ ಒಂದೇ ಅಲ್ಲವೆಂಬುದನ್ನು ನಾನು ಈ ವಯಸ್ಸಿನಲ್ಲಿ ಕಲಿತೆ. ತೆಂಗಿನೆಣ್ಣೆ, ಹರಳೆಣ್ಣೆಗಳು ಎಷ್ಟು ದಿನವಾದರೂ ಜಿಡ್ಡಾಗಿಯೇ ಇರುತ್ತವೆ. ಅಗಸೆಯೆಣ್ಣೆ ಮಾತ್ರ ಗಾಳಿಯ ಆಮ್ಲಜನಕವನ್ನು ಹೀರಿ ತೆಳ್ಳನೆಯ ಪೊರೆಯಾಗಿ ಗಟ್ಟಿಯಾಗುತ್ತದೆ. ಕಬ್ಬಿಣಕ್ಕೂ ಮರದ ಕಾವಿಗೂ ಅದೇ ಒಳ್ಳೆಯದು. ಆದರೆ ಒಂದು ಎಚ್ಚರಿಕೆ: ಹೀಗೆ ಗಟ್ಟಿಯಾಗುವಾಗ ಶಾಖ ಹುಟ್ಟುವುದರಿಂದ ಆ ಎಣ್ಣೆಯಲ್ಲಿ ನೆನೆದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ತಾನೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿಯೇ ಎಸೆಯಬೇಕು.

ಉಳಿದ ಲೋಕದ್ದೆಂದೆನಲ್ಲ, ಆ ಎರಡನೆಯ ಸನಿಕೆ ಸವೆದು ಅಂಗೈಯಗಲ ಉಳಿದಿತ್ತು. ಮಣ್ಣು ಮೃದುವೆಂದು ನಾವು ತಿಳಿದಿದ್ದೇವೆ. ಅದರೊಳಗಿನ ಮರಳು ಉಕ್ಕನ್ನೂ ತಿನ್ನುತ್ತದೆ. ಅದನ್ನು ಊರ ಹೊರಗಿನ ಒಂದು ಕುಲುಮೆಗೆ ಒಯ್ದೆ. ಈಗ ತಿದಿಯಿಲ್ಲ, ವಿದ್ಯುತ್ತಿನಿಂದ ತಿರುಗುವ ಬೀಸಣಿಗೆ ಇದ್ದಿಲಿಗೆ ಗಾಳಿ ಊದುತ್ತದೆ. ಅಡಿಗಲ್ಲು, ಸುತ್ತಿಗೆ, ಇಕ್ಕಳ ಮಾತ್ರ ಹಳೆಯವೇ. ಕಮ್ಮಾರ ಅಲಗನ್ನು ಕೈಯಲ್ಲಿ ತೂಗಿ, ಬೆರಳಿನಿಂದ ಚಿಮ್ಮಿ, ಅದರ ನಾದವನ್ನು ಕೇಳಿ, “ಒಳ್ಳೆ ಉಕ್ಕು ಸ್ವಾಮಿ, ಎರಡು ಮರಿ ಹಾಕುತ್ತೆ” ಎಂದ. ಕೆಂಪಗೆ ಕಾಯಿಸಿ, ಉಳಿಯಿಂದ ಸೀಳಿ, ಒಂದು ಭಾಗವನ್ನು ಕಳೆ ತೆಗೆಯುವ ಸಣ್ಣ ಗುದ್ದಲಿಯಾಗಿಯೂ ಇನ್ನೊಂದನ್ನು ಸಸಿ ಕೀಳುವ ಕೈಸನಿಕೆಯಾಗಿಯೂ ತಟ್ಟಿದ. ಆಮೇಲೆ ನೀರು ಕುಡಿಸಿದ. ಕೆಂಪಗೆ ಕಾದ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಅದು ಗಡುಸಾಗುವುದೇನೋ ನಿಜ, ಆದರೆ ಗಾಜಿನಂತೆ ಒಡೆಯುವ ಗಡುಸು. ಅದಕ್ಕಾಗಿ ಅಂಚನ್ನು ಉಜ್ಜಿ ಬೆಳ್ಳಗೆ ಮಾಡಿ ಮತ್ತೆ ಮೆಲ್ಲಗೆ ಕಾಯಿಸುತ್ತಾರೆ. ಆಗ ಉಕ್ಕಿನ ಮೇಲೆ ಬಣ್ಣಗಳು ಓಡುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಹಳದಿಗೆ ನಿಲ್ಲಿಸಿದರೆ ಕತ್ತಿಯ ಹದ. ಕಲ್ಲುನೆಲದಲ್ಲಿ ಆಡುವ ಸಲಕರಣೆಗೆ ನೀಲಿಯ ಹತ್ತಿರ ಬರಬೇಕು. ಹಳದಿಯಿಂದ ನೀಲಿಗೆ ಇರುವ ಅಂತರ ಸುಮಾರು ೨೨೦ರಿಂದ ೩೦೦ ಡಿಗ್ರಿ ಸೆಂಟಿಗ್ರೇಡಿನೊಳಗೆ ನಡೆದುಹೋಗುವ ಆಟ. ಕಮ್ಮಾರನ ಬಳಿ ಉಷ್ಣಮಾಪಕವಿರಲಿಲ್ಲ, ಕಣ್ಣಿತ್ತು.

ರೋಸ್ ಕ್ಯಾನಿನ ಕಥೆ ಬೇರೆ. ಅದು ಸತುವಿನ ಲೇಪವುಳ್ಳ ತಗಡಿನದು. ಸತು ತಾನು ಮೊದಲು ಕರಗಿ ಒಳಗಿನ ಕಬ್ಬಿಣವನ್ನು ಕಾಯುತ್ತದೆ. ಅದಕ್ಕೆ ಹುಣಸೆಯ ಹುಳಿ ತಾಕಿಸಿದರೆ ಕಾವಲುಗಾರನನ್ನೇ ಕೊಂದಂತೆ. ಆದುದರಿಂದ ಬರಿಯ ಸಾಬೂನಿನ ನೀರಿನಲ್ಲಿ ತೊಳೆದೆ. ತಳದ ಬೆಸುಗೆ ಬಿಟ್ಟು ನೀರು ಸೋರುತ್ತಿತ್ತು. ನೀರು ಹಾಕುವ ಪಾತ್ರೆಗೆ ಅದು ದೋಷ. ಗಿಡ ಬೆಳೆಸುವ ಕುಂಡಕ್ಕೆ ಅದೇ ಗುಣ! ಒಳಗೆ ತೆಂಗಿನ ನಾರು ಹಾಸಿ, ಗೊಬ್ಬರದ ಮಣ್ಣು ತುಂಬಿ, ಮರುಗದ ಕಡ್ಡಿ ನೆಟ್ಟೆ. ತಗಡು ಬಿಸಿಲಿಗೆ ಬೇಗ ಕಾದು ಬೇರನ್ನು ಬೇಯಿಸುತ್ತದಾಗಿ ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಜಗುಲಿಯ ಮೂಲೆಯಲ್ಲಿಟ್ಟೆ. ಈಗ ಅತ್ತಿಗೆ ಮಲ್ಲಿಗೆ ಕಟ್ಟುವಾಗ ನಡುನಡುವೆ ಸೇರಿಸುವ ಮರುಗ ಅಲ್ಲಿಂದಲೇ ಬರುತ್ತದೆ.

ರಬ್ಬರಿನ ಹಳೆಯ ಕೊಳವೆ ಅಲ್ಲಲ್ಲಿ ಬಿರಿದಿತ್ತು. ಅದನ್ನು ಗೇಣುದ್ದದ ತುಂಡುಗಳಾಗಿ ಕತ್ತರಿಸಿದೆ. ಎಳೆಯ ಮರಕ್ಕೆ ಊರುಗೋಲು ಕಟ್ಟುವಾಗ ತಂತಿಯನ್ನು ಈ ತುಂಡಿನೊಳಗೆ ತೂರಿಸಿ ಕಟ್ಟಿದರೆ ತೊಗಟೆ ಕೊಯ್ಯುವುದಿಲ್ಲ. ಎಲೆಗಳು ಮಾಡಿದ ಆಹಾರ ಬೇರಿಗೆ ಇಳಿಯುವುದು ತೊಗಟೆಯ ಒಳಪದರದ ಮೂಲಕ. ತಂತಿ ಅದನ್ನು ಸುತ್ತಲೂ ಕೊಯ್ದರೆ ಮರ ನಿಂತಲ್ಲೇ ಉಪವಾಸ ಬಿದ್ದು ಸಾಯುತ್ತದೆ. ಎಲೆ ಬಾಚಲು ಒಂದು ಕಬ್ಬಿಣದ ಹಲ್ಲಿನ ಕೋಲಿತ್ತು. ಚಿಕ್ಕವರಾಗಿದ್ದಾಗ ನಾವು ಅದನ್ನು ಭೂಮಿತಾಯಿಯ ಬಾಚಣಿಗೆ ಎನ್ನುತ್ತಿದ್ದೆವು. ಕೋಲು ಗೆದ್ದಲಿನ ಪಾಲಾಗಿತ್ತು. ಉಳಿದ ಹಲ್ಲುಗಳ ಪಟ್ಟಿಯನ್ನು ಹಿಂಬಾಗಿಲ ಪಕ್ಕದ ಗೋಡೆಗೆ ಹಲ್ಲು ಹೊರಮುಖವಾಗಿ ಬಡಿದೆ. ಬೀಗದ ಕೈ, ಟವಲು, ತರಕಾರಿಯ ಚೀಲ ಎಲ್ಲಕ್ಕೂ ಅದೇ ಆಸರೆ. ಎಂಟು ಮೆಟ್ಟಿಲ ಮರದ ಏಣಿಯನ್ನು ಗೋಡೆಗೆ ಒರಗಿಸಿ ಮೆಟ್ಟಿಲಿಗೊಂದು ಹಲಗೆ ಜೋಡಿಸಿದಾಗ ಹೂಕುಂಡಗಳ ಮೆಟ್ಟಿಲಸಾಲಾಯಿತು. ಏಣಿಯ ವಿಷಯ ನೆನಪಿರಲಿ. ಅದರ ಮಾತು ಮುಂದೆ ಬರುತ್ತದೆ.

ಇನ್ನು ಮಣ್ಣಿನ ಕುಂಡಗಳು. ಅವುಗಳಲ್ಲಿ ನೆಟ್ಟಗಿದ್ದುದಕ್ಕಿಂತ ಒಡೆದದ್ದೇ ಹೆಚ್ಚು. ಬಾಯಂಚು ಮಾತ್ರ ಮುಕ್ಕಾಗಿದ್ದ ಮೂರನ್ನು ಆರಿಸಿ, ತಳದ ತೂತಿಗೆ ಸಿಮೆಂಟು ಮೆತ್ತಿ, ಕುತ್ತಿಗೆಯವರೆಗೆ ನೆಲದಲ್ಲಿ ಹೂತು, ನೀರು ತುಂಬಿ ಬಾಯಿಗೆ ಹಂಚು ಮುಚ್ಚಿದೆ. ಸುತ್ತಲೂ ಬದನೆಯ ಸಸಿ. ಹೊಳಪು ಬಳಿಯದ ಮಣ್ಣಿನ ಗೋಡೆಯಿಂದ ನೀರು ಮೆಲ್ಲಗೆ ಒಸರುತ್ತದೆ. ಸುತ್ತಣ ಮಣ್ಣು ಒಣಗಿದಷ್ಟೂ ಹೆಚ್ಚಾಗಿ, ಒದ್ದೆಯಿದ್ದಷ್ಟೂ ಕಡಿಮೆಯಾಗಿ. ಇದು ಹೊಸ ಜಾಣತನವಲ್ಲ. ಕ್ರಿಸ್ತಪೂರ್ವ ಒಂದನೆಯ ಶತಮಾನದ ಚೀನಾದ ಕೃಷಿಗ್ರಂಥಕಾರ ಫಾನ್ ಷೆಂಗ್ಝಿ ಗಡಿಗೆ ಹೂತು ಬಳ್ಳಿಗೆ ನೀರುಣಿಸುವ ಕ್ರಮವನ್ನು ಬರೆದಿಟ್ಟಿದ್ದಾನೆ. ಉದ್ದಕ್ಕೆ ಸೀಳಿದ ಕುಂಡಗಳನ್ನು ಹಾಸುಗಲ್ಲಿನ ಬದಿಯಲ್ಲಿ ಬೋರಲು ಹಾಕಿದೆ. ನೆಲಗಪ್ಪೆಗಳಿಗೆ ತಂಪಾದ ಮನೆಯಾಯಿತು. ಬಾಡಿಗೆಯೆಂದು ಅವು ತೋಟದ ಹುಳುಗಳನ್ನು ತಿನ್ನುತ್ತವೆ. ಪೂರ್ತಿ ಚೂರಾದ ಕುಂಡಗಳನ್ನು ಕುಟ್ಟಿ ಪುಡಿಮಾಡಿಸಿದೆ. ಸುಟ್ಟ ಮಣ್ಣಿನ ಈ ಪುಡಿಗೆ ಸುರ್ಕಿ ಎಂದು ಹೆಸರು. ಸುಣ್ಣದೊಡನೆ ಬೆರೆತರೆ ನೀರಿನಲ್ಲೂ ಕಲ್ಲಾಗುವ ಗುಣ ಅದಕ್ಕುಂಟು. ಕನ್ನಂಬಾಡಿಯ ಕೃಷ್ಣರಾಜಸಾಗರದ ಕಟ್ಟೆಯನ್ನು ಕಟ್ಟಿದ್ದು ಸುರ್ಕಿಯ ಗಾರೆಯಿಂದ. ಅಷ್ಟು ದೊಡ್ಡ ಬೃಂದಾವನಕ್ಕೆ ಒಡಲಾಸರೆಯಾದ ವಸ್ತು ನಮ್ಮ ಹಿತ್ತಲಿನಲ್ಲಿ ಒಂದು ಮೊಳಕಾಲೆತ್ತರದ ಕಟ್ಟೆಯ ಗಾರೆಯಾಯಿತು.

ಮಣ್ಣು ಹೊರುವ ಬಾಂಡ್ಲಿಯನ್ನು ಆ ಕಟ್ಟೆಯ ಮೇಲೆ ಕೂರಿಸಿ ಹಕ್ಕಿಗಳಿಗೆ ನೀರಿಟ್ಟೆ. ಎರಡು ಬೆರಳ ಆಳಕ್ಕಿಂತ ಹೆಚ್ಚು ನೀರಿದ್ದರೆ ಸಣ್ಣ ಹಕ್ಕಿ ಇಳಿಯಲು ಅಂಜುತ್ತದೆ. ಅದಕ್ಕೆ ನಡುವೆ ಒಂದು ಕಲ್ಲು. ಇಲ್ಲಿಯೂ ಒಂದು ಜವಾಬ್ದಾರಿಯುಂಟು. ನಿಂತ ನೀರು ಹಕ್ಕಿಗೆ ಮಾತ್ರವಲ್ಲ, ಡೆಂಗೆಯ ಸೊಳ್ಳೆಗೂ ಆಮಂತ್ರಣ. ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ ಸಾಕು. ಆದ್ದರಿಂದ ಎರಡು ಮೂರು ದಿನಕ್ಕೊಮ್ಮೆ ನೀರು ಚೆಲ್ಲಿ, ಅಂಚನ್ನು ತಿಕ್ಕಿ, ಮತ್ತೆ ತುಂಬುವ ಕೆಲಸವನ್ನು ಅಣ್ಣನ ಮಗಳಿಗೆ ವಹಿಸಿದೆ. ಹಳೆಯ ಸಾಮಾನಿನ ಬಣ್ಣದ ವಿಷಯದಲ್ಲಿಯೂ ಅಷ್ಟೇ ಎಚ್ಚರ ಬೇಕು. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಭಾಗವನ್ನು ಮೀರಬಾರದೆಂಬ ನಿಯಮ ಜಾರಿಗೆ ಬಂದದ್ದು ೨೦೧೭ರಲ್ಲಿ. ಅದಕ್ಕೂ ಹಿಂದಿನ ಬಣ್ಣವನ್ನು ಒಣ ಉಪ್ಪುಕಾಗದದಿಂದ ಉಜ್ಜಿ ಧೂಳೆಬ್ಬಿಸುವುದು ಮಕ್ಕಳಿರುವ ಮನೆಯಲ್ಲಿ ಸಲ್ಲದು.

ಕೊನೆಗೆ ಉಳಿದದ್ದು ಹಿತ್ತಾಳೆಯ ಒಂದು ಔಷಧಿ ಸಿಂಪಡಿಸುವ ಪಂಪು. ಅದು ತಂದೆಯವರ ಸೋದರಮಾವನ ಮಲೆನಾಡಿನ ಅಡಿಕೆತೋಟದಿಂದ ಬಂದದ್ದು. ಅಡಿಕೆಯ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಸಿಂಪಡಿಸುವ ಕ್ರಮವನ್ನು ಮೈಸೂರು ಸೀಮೆಯಲ್ಲಿ ಬಳಕೆಗೆ ತಂದವರು, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಸಂಸ್ಥಾನದ ಸೇವೆಗೆ ಬಂದ ಕೆನಡಾ ದೇಶದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಪಂಪನ್ನು ಉಜ್ಜಿದಾಗ ಬಂಗಾರದಂತೆ ಹೊಳೆಯಿತು. ಆದರೆ ಬೋರ್ಡೋ ಆದಮೇಲೆ ಅದರೊಳಗೆ ಯಾವ ಯಾವ ವಿಷ ಹರಿದಿದೆಯೋ ಬಲ್ಲವರಾರು? ನೀರಿಗೂ ಬೇಡ, ಗಿಡಕ್ಕೂ ಬೇಡವೆಂದು ಅದರ ಬಾಯಿ ಬೆಸೆಸಿ ಪುಸ್ತಕದ ಬೀರುವಿನ ಮೇಲೆ ನಿಲ್ಲಿಸಿದೆ. ದುಡಿಯಲಾರದ್ದು ನೋಟಕ್ಕೆ ಸಲ್ಲಲಿ, ದುಡಿಯಬಲ್ಲದ್ದು ದುಡಿಯಲಿ ಎಂಬುದೊಂದು ಸೂತ್ರ ನನ್ನ ಮನಸ್ಸಿನಲ್ಲಿ ಆಗಲೇ ರೂಪುಗೊಂಡಿತ್ತು. ಸೂತ್ರ ಮಾಡುವುದು ಸುಲಭ. ಅದನ್ನು ನಾನೇ ಮೊದಲು ಮುರಿದೆ. ಮಾಲಿ ತಾತನ ಸನಿಕೆಯನ್ನು ಹುಣಸೆಹುಳಿಯಲ್ಲಿ ತೊಳೆದು, ಅಗಸೆಯೆಣ್ಣೆ ಬಳಿದು, ಹಜಾರದ ಗೋಡೆಯ ಮೇಲೆ ತಂದೆಯವರ ಭಾವಚಿತ್ರದ ಪಕ್ಕದಲ್ಲಿ ಎತ್ತರದ ಒಂದು ಮೊಳೆಗೆ ತೂಗುಹಾಕಿದೆ. ಬಂದವರೆಲ್ಲ ನೋಡಿ ಮೆಚ್ಚಿದರು. ನನಗೂ ಒಳಗೊಳಗೇ ಹೆಮ್ಮೆ.

ಆ ಹೆಮ್ಮೆಗೆ ದೊಡ್ಡವರ ಬೆಂಬಲವೂ ಉಂಟೆಂದು ನಾನು ಸಮಾಧಾನ ಮಾಡಿಕೊಂಡಿದ್ದೆ. ೧೯೧೫ರಲ್ಲಿ ಮಾರ್ಸೆಲ್ ದುಷಾಂ ಎಂಬ ಫ್ರೆಂಚ್ ಕಲಾವಿದ ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ಹಿಮ ಎತ್ತುವ ಸನಿಕೆಯೊಂದನ್ನು ಕೊಂಡು, ಅದರ ಮೇಲೆ ಹೆಸರು ಬರೆದು, ತನ್ನ ಕೋಣೆಯ ಮಾಡಿನಿಂದ ಇಳಿಬಿಟ್ಟ. ಆ ಮೊದಲಿನ ಸನಿಕೆ ಎಲ್ಲೋ ಕಳೆದುಹೋಯಿತು. ಆದರೂ ಅದರ ಪ್ರತಿಗಳು ವಸ್ತುಸಂಗ್ರಹಾಲಯಗಳಲ್ಲಿ ಇಂದಿಗೂ ತೂಗುತ್ತಿವೆ. ಕೆಲಸದಿಂದ ಬಿಡಿಸಿ ನೋಡಿದರೆ ಸಾಮಾನ್ಯ ವಸ್ತುವೂ ನಮ್ಮನ್ನು ಪ್ರಶ್ನೆ ಕೇಳುತ್ತದೆ ಎಂಬುದು ಆ ಕಲೆಯ ಮರ್ಮ. ಪಿಕಾಸೋ ೧೯೪೨ರಲ್ಲಿ ಹಳೆಯ ಸೈಕಲ್ಲಿನ ಸೀಟನ್ನೂ ಹಿಡಿಯನ್ನೂ ಜೋಡಿಸಿ ಗೂಳಿಯ ತಲೆಯೊಂದನ್ನು ಮಾಡಿದ. ಸೀಟೇ ಮುಖ, ಹಿಡಿಯೇ ಕೊಂಬು. ಆದರೆ ಅವನು ಅದರ ಬಗ್ಗೆ ಆಡಿದ ಒಂದು ಮಾತು ಕೃತಿಗಿಂತಲೂ ಸೊಗಸಾಗಿದೆ. ಮುಂದೊಂದು ದಿನ ಯಾರೋ ಒಬ್ಬ ಈ ಗೂಳಿಯ ತಲೆಯನ್ನು ತಿಪ್ಪೆಯಲ್ಲಿ ಕಂಡು, ಇದು ನನ್ನ ಸೈಕಲ್ಲಿಗೆ ಒಳ್ಳೆಯ ಹಿಡಿಯಾದೀತು ಎಂದು ಎತ್ತಿಕೊಂಡು ಹೋದರೆ, ಆಗ ಎರಡು ಸಲ ರೂಪಾಂತರವಾದಂತಾಯಿತು ಎಂಬುದು ಅವನ ಅಭಿಪ್ರಾಯ. ಓದಿದಾಗ ನಾನು ಇದನ್ನು ವಿನೋದವೆಂದು ದಾಟಿಬಿಟ್ಟಿದ್ದೆ.

ನಮ್ಮ ದೇಶದಲ್ಲಿಯೇ ಇದಕ್ಕಿಂತ ದೊಡ್ಡ ನಿದರ್ಶನವೊಂದುಂಟು. ದೇಶವಿಭಜನೆಯಲ್ಲಿ ಊರು ಕಳೆದುಕೊಂಡು ಬಂದ ನೇಕ್ ಚಂದ್ ಎಂಬಾತ ಚಂಡೀಗಢದಲ್ಲಿ ಲೋಕೋಪಯೋಗಿ ಇಲಾಖೆಯ ರಸ್ತೆ ಇನ್ಸ್‌ಪೆಕ್ಟರಾಗಿದ್ದ. ಹೊಸ ನಗರಕ್ಕೆ ಎಡೆಮಾಡಲು ಹಳೆಯ ಹಳ್ಳಿಗಳನ್ನು ಕೆಡವುತ್ತಿದ್ದ ಕಾಲವದು. ಆ ಹಳ್ಳಿಗಳ ಅವಶೇಷಗಳನ್ನು, ಒಡೆದ ಬಳೆ, ಪಿಂಗಾಣಿ, ಕುಂಡ, ಮುರಿದ ಸೈಕಲ್ಲುಗಳನ್ನು ಅವನು ಕೆಲಸ ಮುಗಿದ ಮೇಲೆ ತನ್ನ ಸೈಕಲ್ಲಿನ ಮೇಲೆಯೇ ಹೇರಿಕೊಂಡು ಸುಖನಾ ಕೆರೆಯ ಬಳಿಯ ಕಾಡಿನೊಳಕ್ಕೆ ಸಾಗಿಸಿದ. ಸುಮಾರು ೧೯೫೭ರಿಂದ ಹದಿನೆಂಟು ವರ್ಷ, ಸರ್ಕಾರಕ್ಕೆ ಗೊತ್ತಾಗದಂತೆ ಅಲ್ಲಿ ಒಂದು ಲೋಕವನ್ನೇ ಕಟ್ಟಿದ. ಸೈಕಲ್ಲಿನ ಸೀಟುಗಳು ಪ್ರಾಣಿಗಳ ತಲೆಗಳಾದವು, ಮುಂಗವಲುಗಳು ಕಾಲುಗಳಾದವು. ಕಾನೂನಿನಂತೆ ಅದನ್ನು ಕೆಡವಬೇಕಾಗಿತ್ತು. ಆದರೆ ನೋಡಿದ ಅಧಿಕಾರಿಗಳಿಗೆ ಕೈ ಬರಲಿಲ್ಲ. ೧೯೭೬ರಲ್ಲಿ ಅದನ್ನು ಸಾರ್ವಜನಿಕರಿಗೆ ತೆರೆದರು. ೧೯೮೪ರಲ್ಲಿ ಪದ್ಮಶ್ರೀ ಬಂತು; ೨೦೧೫ರಲ್ಲಿ ಆ ಮುದುಕ ತೀರಿಕೊಂಡ. ಆತನ ಶಿಲೋದ್ಯಾನವನ್ನು ಕುರಿತು ಯೋಚಿಸಿದಾಗಲೆಲ್ಲ ನನಗೆ ಅನ್ನಿಸುವುದು ಇದು: ಮನೆ ಕಳೆದುಕೊಂಡವನಿಗೆ ಮಾತ್ರವೇ ಬೇರೆಯವರ ಮನೆಯ ಚೂರುಗಳಲ್ಲಿ ಅಷ್ಟು ಮಮತೆ ಹುಟ್ಟೀತು. ಅವನು ಎತ್ತಿಕೊಂಡದ್ದು ಯಾರೂ ತಮ್ಮದೆನ್ನದ ವಸ್ತುಗಳನ್ನು. ನನ್ನ ಗೋಡೆಯ ಮೇಲಿದ್ದ ವಸ್ತು ಅಂಥದ್ದೇ ಎಂಬ ಪ್ರಶ್ನೆ ನನಗೆ ಹೊಳೆದಿರಲಿಲ್ಲ.

ಈ ವರ್ಷದ ಆಯುಧಪೂಜೆ ಬಂತು. ಕೊಟ್ಟಿಗೆಯಿರಲಿಲ್ಲ, ಕಾರಿಗೆ ಮಾತ್ರ ಕುಂಬಳಕಾಯಿ ಒಡೆಯುವುದೆಂದು ಅಣ್ಣ ಹೇಳಿದ. ಆದರೆ ಅವನ ಮಗಳು ಬಿಡಲಿಲ್ಲ. ಸಣ್ಣ ಗುದ್ದಲಿ, ಕೈಸನಿಕೆ, ಹಾರೆ ಎಲ್ಲವನ್ನೂ ಕಟ್ಟೆಯ ಮೇಲೆ ಸಾಲಾಗಿಟ್ಟಳು. ಕುಂಕುಮದ ಬಟ್ಟಲು ಹಿಡಿದು ಹಜಾರಕ್ಕೆ ಬಂದು ಗೋಡೆಯ ಸನಿಕೆಯನ್ನು ನೋಡಿದಳು. ಕೈಗೆ ಎಟುಕಲಿಲ್ಲ. “ಚಿಕ್ಕಪ್ಪ, ಏಣಿ?” ಎಂದಳು. ಏಣಿ ಹೂಕುಂಡಗಳನ್ನು ಹೊತ್ತು ನಿಂತಿತ್ತು. ಅದರ ಹಲಗೆಗಳಿಗೆ ನಾನೇ ಮೊಳೆ ಬಡಿದಿದ್ದೆ. ಪೂಜೆಗೂ ಸಿಕ್ಕದಷ್ಟು ಎತ್ತರಕ್ಕೆ ಸನಿಕೆಯನ್ನು ಏರಿಸಿ, ಇಳಿಸುವ ಏಣಿಯನ್ನೂ ಅಲಂಕಾರಕ್ಕೆ ಹಚ್ಚಿದ ನನ್ನ ಜಾಣ್ಮೆಗೆ ಅತ್ತಿಗೆ ನಕ್ಕರು.

ಅದೇ ಹೊತ್ತಿಗೆ ಮಾಲಿ ತಾತನ ಮೊಮ್ಮಗ ಬಂದ. ತಾತನ ಕಾಲದಿಂದಲೂ ಹಬ್ಬದ ದಿನ ಅವರ ಮನೆಯವರೊಬ್ಬರು ಬಂದು ಪ್ರಸಾದ ತೆಗೆದುಕೊಂಡು ಹೋಗುವುದು ವಾಡಿಕೆ. ಹುಡುಗನೆಂದೇ ನಾನು ತಿಳಿದಿದ್ದ ಅವನ ಕಿವಿಯ ಬಳಿ ಒಂದೆರಡು ಬಿಳಿಗೂದಲು. ಹೊಸ ಬಡಾವಣೆಗಳ ಮನೆಗಳಲ್ಲಿ ತೋಟದ ಕೆಲಸ ಮಾಡಿಕೊಂಡಿದ್ದಾನೆ. ಗೋಡೆಯ ಕಡೆ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದು, “ಮೇಷ್ಟ್ರೆ, ಅದು ನಮ್ಮ ತಾತನ ಸನಿಕೆ ಅಲ್ವರಾ?” ಎಂದ.

“ಹೌದಪ್ಪ. ಅವನ ನೆನಪಿಗೆ ಇಟ್ಟಿದ್ದೇನೆ.”

“ನೆನಪಿಗೆ...” ಎಂದು ಅವನು ಆ ಮಾತನ್ನು ಹಿಂದಿರುಗಿಸಿದ. ಸ್ಟೂಲು ತರಿಸಿ ಸನಿಕೆಯನ್ನು ಇಳಿಸಿದೆವು. ಅವನು ಮೊದಲು ಕಾವನ್ನು ಹಿಡಿದ. ಅವನಿಗೆ ಯಾರೂ ತೋರಿಸಬೇಕಾಗಿರಲಿಲ್ಲ. ನುಣುಪಾದ ಎಡೆಗೇ ಕೈ ಹೋಯಿತು. ಆಮೇಲೆ ಅಲಗಿನ ಅಂಚಿನ ಮೇಲೆ ಹೆಬ್ಬೆರಳು ಎಳೆದು, ಕಿವಿಯ ಹತ್ತಿರ ಹಿಡಿದು ಬೆರಳಿನಿಂದ ಚಿಮ್ಮಿದ. ಆ ಕಮ್ಮಾರ ಮಾಡಿದ ಹಾಗೆಯೇ.

“ಇನ್ನೂ ಹತ್ತು ವರ್ಷ ಬರುತ್ತೆ ಮೇಷ್ಟ್ರೆ. ಈಗಿನ ಅಂಗಡಿ ಸನಿಕೆ ಎರಡು ಮಳೆಗಾಲಕ್ಕೆ ಬಾಗಿಬಿಡ್ತವೆ” ಎಂದ. ಕೇಳಲು ಸಂಕೋಚ, ಕೇಳದಿರಲು ಮನಸ್ಸಿಲ್ಲ. ಮತ್ತೆ ಮೆಲ್ಲಗೆ, “ತಾತ ಇದ್ದಿದ್ರೆ ಬೈಯೋರು. ಕೆಲಸ ಮಾಡೋದನ್ನ ಗೋಡೆಗೆ ಹಾಕಬಾರದು ಅನ್ನೋರು” ಎಂದ.

ನನಗೆ ಕೂಡಲೇ ಉತ್ತರ ತೋಚಲಿಲ್ಲ. ಆ ಸನಿಕೆಗೆ ದುಡ್ಡು ಕೊಟ್ಟವರು ತಂದೆಯವರು. ಅದು ಲೆಕ್ಕದ ಮಾತು. ಆ ಕಾವಿಗೆ ನುಣುಪು ಕೊಟ್ಟವನು ಬೇರೊಬ್ಬ. ಗುಜರಿಯವನು ಕಬ್ಬಿಣವನ್ನು ಮಾತ್ರ ತೂಗಿ ಕಾವನ್ನು ಕಸವೆಂದನೆಂದು ನಾನು ನೊಂದುಕೊಂಡಿದ್ದೆ. ನಾನಾದರೂ ಮಾಡಿದ್ದೇನು? ಅವನು ಬಿಟ್ಟದ್ದನ್ನು ನಾನು ಎತ್ತಿಕೊಂಡೆ. ಆದರೆ ಅವನಂತೆಯೇ, ಅದು ಯಾರ ಕೈಯದೆಂದು ಕೇಳಲಿಲ್ಲ. ಅವನಿಗೆ ಅದು ತೂಕ, ನನಗೆ ನೋಟ. ತಾತನ ಮನೆಯವರಿಗೆ ಅದು ನಾಳಿನ ಕೂಲಿ.

ಬಳಸದ ಹಳೆಯ ಸಾಧನಗಳನ್ನು ಪ್ರದರ್ಶನಕ್ಕಿಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಎಚ್. ಎಲ್. ನಾಗೇಗೌಡರು ರಾಮನಗರದ ಹತ್ತಿರ ಕಟ್ಟಿದ ಜಾನಪದ ಲೋಕದಲ್ಲಿ ರೈತನ ಉಪಕರಣಗಳ ಸಾಲನ್ನು ನೋಡಿದವರಿಗೆ ಗೊತ್ತು, ಅವು ಅಲ್ಲಿಲ್ಲದಿದ್ದರೆ ಎಷ್ಟೋ ಮಾತುಗಳೇ ನಮ್ಮ ನುಡಿಯಿಂದ ಜಾರಿಹೋಗುತ್ತಿದ್ದವು. ಬಾವಿಯಿಂದ ಎತ್ತುಗಳು ನೀರೆಳೆಯುವುದು ನಿಂತ ಮೇಲೆ ಕಪಿಲೆಯೆಂದರೇನೆಂದು ಮಕ್ಕಳಿಗೆ ತೋರಿಸಲು ಬೇರೆ ಎಡೆಯೆಲ್ಲಿದೆ? ಕೆಲಸ ಸತ್ತ ಸಾಧನಕ್ಕೆ ಗೋಡೆ ಗೌರವದ ಸ್ಥಾನ. ಕೆಲಸ ಬದುಕಿರುವಾಗಲೇ ಗೋಡೆಗೇರಿಸಿದರೆ, ಆ ಕೆಲಸ ಮಾಡುವವನು ಇನ್ನೂ ಇದ್ದಾನೆಂಬುದನ್ನು ನಾವು ಮರೆತಂತೆ. ಈಗ ಎಷ್ಟೋ ಹೋಟೆಲುಗಳ ಗೋಡೆಗಳಲ್ಲಿ ನೇಗಿಲು, ನೊಗ, ಗಾಡಿಯ ಚಕ್ರಗಳು ಮೆರುಗೆಣ್ಣೆ ಬಳಿದುಕೊಂಡು ಕುಳಿತಿವೆ. ಅವನ್ನು ಕಂಡಾಗಲೆಲ್ಲ ಇನ್ನು ಮುಂದೆ ನನಗೆ ಒಂದು ಪ್ರಶ್ನೆ ಏಳದಿರದು: ಇವು ಯಾರ ಕೈಯಿಂದ ಬಂದವು, ಆ ಕೈ ಈಗ ಏನು ಮಾಡುತ್ತಿದೆ?

ಅಣ್ಣನ ಮಗಳು ಸನಿಕೆಗೆ ಕುಂಕುಮವಿಟ್ಟು ಅಲಗಿನ ಮೇಲೆ ಚೆಂಡುಹೂವಿಟ್ಟಳು. ಮಂಗಳಾರತಿಯಾದ ಮೇಲೆ ಹಣ್ಣು ಕಾಯಿಯೊಡನೆ ಸನಿಕೆಯನ್ನೂ ಅವನ ಕೈಗೆ ಕೊಟ್ಟೆ. “ಬೇಡಿ ಮೇಷ್ಟ್ರೆ” ಎಂದು ಒಂದು ಸಲ ಹೇಳಿದ. ಎರಡನೆಯ ಸಲ ಹೇಳಲಿಲ್ಲ. ಹೆಗಲ ಮೇಲೆ ಸನಿಕೆಯನ್ನಿಟ್ಟು ಗೇಟು ದಾಟುವಾಗ ಹೂವು ಜಾರಿತು. ಬಗ್ಗಿ ಎತ್ತಿ ಜೇಬಿಗೆ ಹಾಕಿಕೊಂಡ. ಹಿಂದಿನಿಂದ ನೋಡಿದರೆ ನಡಿಗೆಯೂ ತಾತನದೇ.

ಏಣಿಯ ಹಲಗೆಗಳ ಮೊಳೆಯನ್ನು ಮಾರನೆಯ ದಿನ ಕಿತ್ತೆ. ಈಗ ಹಲಗೆಗಳನ್ನು ಸುಮ್ಮನೆ ಮೆಟ್ಟಿಲ ಮೇಲೆ ಇಟ್ಟಿದೆ, ಬೇಕಾದಾಗ ತೆಗೆದು ಹತ್ತಬಹುದು. ಸಣ್ಣ ಗುದ್ದಲಿ ಪ್ರತಿದಿನವೂ ಬಳಕೆಯಲ್ಲಿದೆ. ಅದರ ಕಾವು ಇನ್ನೂ ಒರಟು, ನನ್ನ ಅಂಗೈಯಲ್ಲಿ ಬೊಬ್ಬೆ. ಮಾಲಿ ತಾತನ ಮೊಮ್ಮಗ ಈಗ ತಿಂಗಳಿಗೆರಡು ಸಲ ಬರುತ್ತಾನೆ. ಬರುವಾಗ ತನ್ನ ಸನಿಕೆಯನ್ನು ತಾನೇ ತರುತ್ತಾನೆ. ಗುಲಾಬಿಯ ಬುಡಕ್ಕೆ ನೀರು ಹೆಚ್ಚಾಯಿತೆಂದು ಮೊನ್ನೆ ನನ್ನನ್ನು ಗದರಿಸಿದ. ಹಜಾರದ ಗೋಡೆಯಲ್ಲಿ ಆ ಮೊಳೆ ಮಾತ್ರ ಹಾಗೆಯೇ ಇದೆ. ಮಳೆ ಬಂದ ದಿನ ಅಣ್ಣ ಅದಕ್ಕೆ ತನ್ನ ಕೊಡೆಯನ್ನು ತೂಗುಹಾಕುತ್ತಾನೆ.